ಭಾವನೂ ಕರ್ನಲ್ಲೂ

ನಮ್ಮ ಭಾವನವರಿಗೆ ಗೊತ್ತಿಲ್ಲದ ದಾರಿ ಅಮೆರಿಕದ ಈ ಬೇ ಏರಿಯಾದಲ್ಲೇ ಇಲ್ಲ. ಆದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿದವರು ಯಾರೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ತಲುಪಿಲ್ಲ! ಲಾಸ್ ಗ್ಯಾಟೋಸ್‌ನ ಗೃಹಪ್ರವೇಶಕ್ಕೆ ಹೊರಟಾಗ, ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ಟು ಹಿಂದೆ ಬಿದ್ದ ಮೇಲೆ, "ಅಲ್ಲೇ ಇಳೀಬೇಕಿತ್ತು" ಅಂದರು.

"ಮೊದಲೇ ಹೇಳಬಾರದಾ ಭಾವ?"

"ನೀನೆಲ್ಲಿ ಕೇಳ್ದೆ?"

ನಾವು ಹೋಗುವಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕು ಅನ್ನುವುದೇ ನಮ್ಮವರೆಲ್ಲರ ಭಯ. ಆಗ ಭಾವ ಕೊಲ್ಲಿಯ ಆಚೆಗಿರುವ ಡಬ್ಲಿನ್‌ನಿಂದ ಸೇತುವೆ ದಾಟಿ, ಅಕ್ಕ ಕಟ್ಟಿದ ಡಬ್ಬಿ ಹಿಡಿದು, ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ದಿನಾ ಬೆಳಿಗ್ಗೆ ಬರತೊಡಗಿದರು.

"ಆಫೀಸಿನ ಟೆಸ್ಟಿಂಗು ಕಣಮ್ಮ, ಅಲ್ಲಿ ಜಾಗ ಇಲ್ಲ. ನಿಮ್ಮಕ್ಕಂಗೆ ಹೇಳ್ಬೇಡ, ನಿಂಗೆ ತೊಂದ್ರೆ ಕೊಡ್ತಿದೀನಿ ಅಂತ ಬೈತಾಳೆ."

ನಾನು ನಂಬಿದೆ! ಬಟ್ಟೆ ನೇತುಹಾಕುವ ಕ್ಲಾಸೆಟ್ಟಿನಲ್ಲಿ ಮೂರು ಹಳೆಯ ಕಂಪ್ಯೂಟರು ಕೂತವು, ನಮ್ಮ ಕೋಟುಗಳು ಸೋಫಾದ ಮೇಲೆ ಮಲಗಿದವು. ಒಂದು ಪ್ರೋಗ್ರಾಮು ಅಕ್ಕಪಕ್ಕದ ಯಂತ್ರಗಳನ್ನು ವಿಚಾರಿಸಿ ಮಾಹಿತಿ ಓಡಾಡುವ ದಾರಿಗಳನ್ನು ಕಲಿಯುತ್ತದಂತೆ. ಕಲಿತದ್ದನ್ನು ಕಂಪ್ಯೂಟರಿನ ಒಳಗಿನ ಯಜಮಾನ ಕರ್ನಲ್ಲಿಗೆ ಒಪ್ಪಿಸಬೇಕಂತೆ. ಇಲ್ಲಿ ಪ್ರೋಗ್ರಾಮಿಗೆ ಎಲ್ಲ ದಾರಿಯೂ ಗೊತ್ತು, ಕರ್ನಲ್ಲಿಗೆ ಒಂದೂ ಗೊತ್ತಿಲ್ಲ! ಭಾವ ಕೇಬಲ್ಲು ಬದಲಾಯಿಸಿದರು, ಕಾರ್ಡು ಬದಲಾಯಿಸಿದರು. ಮಧ್ಯಾಹ್ನ ಉಂಡು, ನಮ್ಮ ನಿಂಬೆ ವಾಸನೆಯ ಸೋಪಿನಲ್ಲಿ ಡಬ್ಬಿ ತೊಳೆದಿಟ್ಟು, ಮತ್ತೆ ಕ್ಲಾಸೆಟ್ಟಿಗೆ ತೂರಿದರು. ಹೀಗೇ ಮೂರು ವಾರ ಕಳೆಯಿತು.

ಒಂದು ದಿನ ಡಬ್ಬಿ ಮರೆತು ಬಂದರು. ಮಧ್ಯಾಹ್ನ ಬಾಗಿಲು ತೆರೆದರೆ ಡಬ್ಬಿ ಹಿಡಿದು ಅಕ್ಕ ನಿಂತಿದ್ದಾಳೆ! ಅದೇ ಹೊತ್ತಿಗೆ ಕ್ಲಾಸೆಟ್ಟಿನಿಂದ ಭಾವನ ಕೂಗು:

"ಸಿಕ್ತು ಕಣಮ್ಮಾ! ಎಕ್ಸ್‌ಪೋರ್ಟ್ ಅಂತ ಒಂದು ಸಾಲು ಬರೀಬೇಕಿತ್ತು. ಇಲ್ದಿದ್ರೆ ಕಲ್ತಿದ್ದೆಲ್ಲ ತನ್ನ ಹತ್ರಾನೇ ಇಟ್ಕೊಂಡು ಕೂತಿರುತ್ತೆ, ಯಾರಿಗೂ ಹೇಳಲ್ಲ!"

"ಥೇಟ್ ನಿಮ್ಮ ಹಾಗೇ," ಅಂದಳು ಅಕ್ಕ.

ಭಾವ ಈಚೆ ಬಂದರು. "ಕೆಲ್ಸ ಹೋಯ್ತು ಕಣೇ. ಬೇರೆ ಕೆಲ್ಸಕ್ಕೆ ಅಂತ ಇದನ್ನ ಕಲೀತಿದ್ದೆ," ಅಂದರು.

ನಾನು ಕೋಟುಗಳ ಮೇಲೇ ಕುಸಿದು ಕೂತೆ.

"ಗೊತ್ತು ಕಣ್ರೀ. ಇಷ್ಟು ವರ್ಷದಲ್ಲಿ ಯಾವತ್ತಾದ್ರೂ ಆಫೀಸಿಂದ ಡಬ್ಬಿ ತೊಳ್ಕೊಂಡು ಬಂದಿದ್ರಾ? ಅದೂ ಇವಳ ಮನೆ ಸೋಪಿನ ವಾಸನೆ!"

"ಮತ್ತೆ ಕೇಳ್ಲೇ ಇಲ್ಲ?"

"ನೀವೆಲ್ಲಿ ಹೇಳಿದ್ರಿ? ಊರಿಗೆ ಹೋಗೋದಾದ್ರೆ ಇಬ್ರೂ ಹೋಗೋಣ. ಈಗ ಊಟ ಮಾಡಿ."

ನನಗೆ ಅಳು ತಡೆಯಲಾಗಲಿಲ್ಲ. ಭಾವ ತಲೆ ತಗ್ಗಿಸಿ ಉಂಡರು. ಸಂಜೆ ಅಕ್ಕ ಕಾರು ಹತ್ತಿದಳು, ಭಾವ ತಮ್ಮ ಕಾರನ್ನು ನಮ್ಮಲ್ಲೇ ಬಿಟ್ಟು ಅವಳ ಪಕ್ಕದಲ್ಲಿ ಕೂತರು. ಕಾರು ಇನ್ನೂ ಹೊರಟೇ ಇಲ್ಲ, ಭಾವ ಹೇಳಿದರು: "ಎರಡನೇ ಸಿಗ್ನಲ್ ಲೈಟಲ್ಲಿ ಎಡಕ್ಕೆ ತಿರುಗು."

ಅಕ್ಕನಿಗೆ ಆ ದಾರಿ ಚೆನ್ನಾಗಿ ಗೊತ್ತಿತ್ತು. ಆದರೂ, "ಸರಿ ಕಣ್ರೀ," ಅಂದಳು.