ಹುಣಸೆಗುಂಡಿನ ರಕ್ತಪ್ರತಿನಿಧಿ

ಹುಣಸೆಗುಂಡಿನಲ್ಲಿ ಮಲೇರಿಯಾ ಇಲ್ಲವೆಂಬುದು ಸರ್ಕಾರಿ ದಾಖಲೆಯಿಂದ ಸಿದ್ಧವಾದ ಸಂಗತಿ. ಆ ಮಳೆಗಾಲದಲ್ಲಿ ಊರಿನ ಅರ್ಧ ಜನ ಹಾಡುಹಗಲೇ ಕಂಬಳಿ ಹೊದ್ದು ಹಲ್ಲು ಕಟಕಟ ಕಡಿಯುತ್ತಿದ್ದರೆಂಬುದು ಬೇರೆ ಮಾತು. ಅದಕ್ಕೆ ದಾಖಲೆ ಇರಲಿಲ್ಲ.

ಇಂಥ ಆರೋಗ್ಯ ಊರಿಗೆ ಒದಗಿದ್ದು ಹುಲುಗಪ್ಪನಿಂದ. ಅವನು ಕಲ್ಲು ಒಡೆಯುವವನು. ಕೂಡ್ಲಿಗಿ ಸೀಮೆಯ ಕಲ್ಲು ಒಡೆದೊಡೆದು ಅವನ ಬೆರಳುಗಳೂ ಅದೇ ಕುಲಕ್ಕೆ ಸೇರಿಬಿಟ್ಟಿದ್ದವು. ಸೂಜಿ ಚುಚ್ಚಿದರೆ ತಿಳಿಯುತ್ತಲೇ ಇರಲಿಲ್ಲ. ಮಿಕ್ಕವರು ಹಾಗಲ್ಲ. ಕಿರಿಯ ಆರೋಗ್ಯ ಸಹಾಯಕ ಪಾಲಾಕ್ಷ ಗಾಜಿನ ಪಟ್ಟಿಗಳ ಡಬ್ಬಿ ಹಿಡಿದು ಬಸ್ಸಿಳಿದನೆಂದರೆ ಗಂಡಸರು ಹೊಲದ ದಾರಿ ಹಿಡಿಯುತ್ತಿದ್ದರು, ಹೆಂಗಸರು ಅಗಳಿ ಹಾಕಿಕೊಳ್ಳುತ್ತಿದ್ದರು. ಮೇಲಿನವರ ಆಜ್ಞೆಯೋ ಸ್ಪಷ್ಟ: ಮಲೇರಿಯಾ ಪರೀಕ್ಷೆಗೆ ತಿಂಗಳ ಗುರಿಯಷ್ಟು ಪಟ್ಟಿಗಳ ಮೇಲೆ ರಕ್ತಲೇಪನ ಬರತಕ್ಕದ್ದು. ಯಾರ ಮೈಯಿಂದ ಬರತಕ್ಕದ್ದೆಂದು ಆಜ್ಞೆಯಲ್ಲಿ ಹೇಳಿರಲಿಲ್ಲ.

"ಯಾಕಷ್ಟು ಓಡಾಡ್ತೀರಿ ಸಾಹೇಬ್ರ," ಎಂದು ಒಂದು ದಿನ ಗುಡಿಕಟ್ಟೆಯ ಮೇಲೆ ಕೂತಿದ್ದ ಹುಲುಗಪ್ಪನೇ ಕೈ ಚಾಚಿದ. "ಎಲ್ಲಾರದೂ ನನ್ನಾಗ ತಗೊಂಬಿಡ್ರಿ. ಯಾರದಾದ್ರೂ ರಕ್ತ ಕೆಂಪಗೇ ಇರ್ತೈತಲ್ಲ."

ಇದರಲ್ಲಿ ಪಾಲಾಕ್ಷನಿಗೆ ತಪ್ಪೇನೂ ಕಾಣಲಿಲ್ಲ. ಅಂದಿನಿಂದ ಬೆರಳಿಗೊಂದು ಓಣಿಯಂತೆ, ಜಾತಿಮತಭೇದವಿಲ್ಲದೆ, ಊರಿನ ರಕ್ತವೆಲ್ಲ ಹುಲುಗಪ್ಪನಿಂದಲೇ ಹೊರಡತೊಡಗಿತು. ಪ್ರತಿಯೊಂದು ಗಾಜಿನ ಪಟ್ಟಿಯ ಮೇಲೂ ಊರಿನ ಒಬ್ಬೊಬ್ಬರ ಹೆಸರು. ಹುಲುಗಪ್ಪನಿಗೆ ಒಂದು ಪೊಟ್ಟಣ ಮಂಡಕ್ಕಿ, ಮೇಲೆ ಎರಡು ಮಿರ್ಚಿ. ಗಟ್ಟಿಮುಟ್ಟಾದ ಆಳಿನ ರಕ್ತವಾದ್ದರಿಂದ ಊರಿಗೆ ಊರೇ ನಿರೋಗಿಯೆಂದು ಫಲಿತಾಂಶ ಬಂತು. ಪಂಚಾಯಿತಿ ಅಧ್ಯಕ್ಷ ಬೊಮ್ಮಯ್ಯ ಸಭೆ ಕರೆದು ಠರಾವು ಮಾಡಿಸಿದ: "ಸದರಿ ಹುಲುಗಪ್ಪನನ್ನು ಗ್ರಾಮದ ರಕ್ತಪ್ರತಿನಿಧಿಯೆಂದು ಸರ್ವಾನುಮತದಿಂದ ಆರಿಸಲಾಗಿದೆ. ಇನ್ನು ಮುಂದೆ ಗ್ರಾಮಸ್ಥರು ತಮ್ಮ ಖಾಸಗಿ ರಕ್ತವನ್ನು ಸರ್ಕಾರಿ ಕೆಲಸಕ್ಕೆ ಬಳಸತಕ್ಕದ್ದಲ್ಲ."

ಊರ ಬಾಗಿಲಿಗೆ 'ಮಲೇರಿಯಾಮುಕ್ತ ಗ್ರಾಮ' ಎಂಬ ಬೋರ್ಡು ಬಂತು, ದವಾಖಾನೆಯ ವೈದ್ಯಾಧಿಕಾರಿಗಳಿಗೆ ಶಾಲು ಬಂತು. ಮುಕ್ತವಾದ ಊರಿಗೆ ಔಷಧಿ ಯಾಕೆಂದು ಊರಂಚಿನ ಕಲ್ಲುಗುಂಡಿಯ ನಿಂತ ನೀರಿಗೆ ಸಿಂಪಡಿಸುವುದನ್ನು ನಿಲ್ಲಿಸಿದರು. ಸೊಳ್ಳೆಗಳೂ ಊರಿನ ಪ್ರಗತಿಯಲ್ಲಿ ಪಾಲು ಪಡೆದವು. ಹುಲುಗಪ್ಪ ಮಾತ್ರ ಮೀಸೆ ತಿರುವುತ್ತ, "ಊರಾಗ ಹರಿಯೋದು ನನ್ನ ರಕ್ತ ಲೇ," ಎಂದು ಹೇಳಿಕೊಂಡು ತಿರುಗಿದ.

ಆಗ ಅವನ ಹೆಂಡತಿ ಎರ್ರೆಮ್ಮನಿಗೆ ಚಳಿಜ್ವರ ಹತ್ತಿತು. ದಿನ ಬಿಟ್ಟು ದಿನ ಬಂದು ಕುದಿಸಿ ಹೋಗುತ್ತಿತ್ತು. ರೊಟ್ಟಿ ಬಡಿಯುವ ಕೈಗೆ ಚೆಂಬು ಎತ್ತುವ ಶಕ್ತಿಯೂ ಉಳಿಯಲಿಲ್ಲ. ಹುಲುಗಪ್ಪ ಅವಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊಡೆದ.

"ಎರ್ರೆಮ್ಮಂದು ರಿಸಲ್ಟು ಹೋದ ವಾರನ ಬಂದೈತಪಾ. ಏನೂ ಇಲ್ಲ, ಆರಾಮ ಅದಾಳ," ಎಂದ ಪಾಲಾಕ್ಷ.

"ಅದು ನನ್ನ ರಕ್ತ ಅಲ್ಲೇನ್ರಿ ಸಾಹೇಬ್ರ?"

"ಹೆಸರು ಯಾರದೈತಿ?"

"ಆಕಿದು."

"ಮತ್ತ?"

"ಇಲ್ಲೇ ಅದಾಳಲ್ರಿ. ಆಕಿ ಬೆರಳು ಚುಚ್ಚಿ ನೋಡ್ರಿ."

ವೈದ್ಯಾಧಿಕಾರಿಗಳು ಕನ್ನಡಕ ತೆಗೆದು ಸಮಾಧಾನದಿಂದ ವಿವರಿಸಿದರು. ಎರ್ರೆಮ್ಮನ ಮೈಯಲ್ಲಿರುವುದು ಆಕೆಯ ಅಧಿಕೃತ ರಕ್ತವಲ್ಲ. ಅದನ್ನು ಪರೀಕ್ಷೆಗೆ ಕಳಿಸಿದರೆ ಬೋರ್ಡು ಇಳಿಸಬೇಕಾಗುತ್ತದೆ, ಶಾಲು ಮರಳಿಸಬೇಕಾಗುತ್ತದೆ. ಮಾತ್ರೆ ಬೇಕಿದ್ದರೆ ಕಾನೂನಿನಲ್ಲಿ ಒಂದೇ ದಾರಿ: ಪ್ರತಿನಿಧಿಗೆ ಜ್ವರ ಬರಬೇಕು.

ಹುಲುಗಪ್ಪ ಎರ್ರೆಮ್ಮನನ್ನು ಮತ್ತೆ ಬಂಡಿಗೆ ಎತ್ತಿ ಮಲಗಿಸಿದ. ತನ್ನ ಬೆರಳೇ ಹೆಂಡತಿಯ ಮೇಲೆ ಸುಳ್ಳುಸಾಕ್ಷಿ ಹೇಳಿ ಬಂದಿತ್ತು. ಬಂಡಿಯಲ್ಲಿ ಎರ್ರೆಮ್ಮ, "ಎರಡು ಮಿರ್ಚಿಗೆ ನನ್ನ ಜೀವ ಮಾರಿದೆಲ್ಲೋ, ನಿನ್ನ ಬೆರಳಿಗಿಷ್ಟು ಬೆಂಕಿ ಹಾಕ," ಎಂದು ಅತ್ತಳು.

ಪಂಚಾಯಿತಿ ಮತ್ತೆ ಸೇರಿತು. ಪ್ರತಿನಿಧಿಯು ಗ್ರಾಮದ ಹಿತದೃಷ್ಟಿಯಿಂದ ದಿನಾ ಸಂಜೆ ಅಂಗಿ ಕಳಚಿ ಕಲ್ಲುಗುಂಡಿಯ ಬಳಿ ಕೂರತಕ್ಕದ್ದು, ಸೊಳ್ಳೆ ಹೊಡೆಯತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಹುಲುಗಪ್ಪ ಕೂತ. ಹೋಗುವವರು ಬರುವವರು, "ಬಂತೇನೋ?" ಎಂದು ಕೇಳುವರು. "ಇನ್ನಾ ಇಲ್ಲ," ಎಂದರೆ, "ಹೆಂಥಾ ಪ್ರತಿನಿಧಿಯೋ ನೀನು," ಎಂದು ಮುಖ ಕಿವುಚುವರು. ಅಂತೂ ಅಮಾವಾಸ್ಯೆಯ ಹೊತ್ತಿಗೆ ಅವನಿಗೆ ಮೈ ಮುರಿಯುವಂಥ ಜ್ವರ ಬಂತು. ಊರಿನವರು ಊದಿನಕಡ್ಡಿ ಹಚ್ಚಿದರು.

ಪಾಲಾಕ್ಷ ಓಡೋಡಿ ಬಂದು ಬೆರಳು ಚುಚ್ಚಿದ. ಈ ಸಲ ಊರಿಗೆ ಊರೇ ಮಲೇರಿಯಾ ಎಂದು ಬಂತು. ಬೋರ್ಡು ಇಳಿಯಲಿಲ್ಲ, 'ಮಲೇರಿಯಾ ನಿಯಂತ್ರಣದಲ್ಲಿ ಮಾದರಿ ಗ್ರಾಮ' ಎಂದು ಬಣ್ಣ ಬದಲಾಯಿಸಿಕೊಂಡಿತು. ಮಾತ್ರೆ ಬಂದವು. ನಿಯಮದಂತೆ ಸಿಬ್ಬಂದಿಯ ಕಣ್ಣೆದುರೇ ನುಂಗಿಸಲಾಯಿತು. ಜ್ವರ ಇದ್ದವರೂ ನುಂಗಿದರು, ಇಲ್ಲದವರೂ ನುಂಗಿದರು. ನಾಲ್ಕಾರು ದಿನಕ್ಕೆ ಎರ್ರೆಮ್ಮ ಎದ್ದು ಕೂತಳು. ಹುಲುಗಪ್ಪ ನಡುಗುತ್ತಲೇ ಕೈ ಚಾಚಿದ.

"ಯಾ ಪಟ್ಟಿ ಮ್ಯಾಲೂ ನಿನ್ನ ಹೆಸರಿಲ್ಲಲ್ಲಪಾ," ಎಂದ ಪಾಲಾಕ್ಷ.

"ಎಲ್ಲಾದೂ ನನ್ನ ರಕ್ತನೇ ಐತಲ್ರಿ!"

"ಅದಕ್ಕ ಮತ್ತ. ಎಲ್ಲಾ ಊರಿಂದಾತು. ನಿಂದು ಅಂತ ಎಲ್ಲೈತಿ?"

ಹುಲುಗಪ್ಪ ಬೆರಳು ಮುಂದೊಡ್ಡಿದ. ಅದು ಗ್ರಾಮದ ಬೆರಳು, ಸ್ವಂತಕ್ಕೆ ಬಳಸುವುದು ಅಧಿಕಾರ ದುರುಪಯೋಗವಾದೀತೆಂದು ಬೊಮ್ಮಯ್ಯ ತಡೆದ. ಅವನ ಪರವಾಗಿ ಯಾರಾದರೂ ರಕ್ತ ಕೊಡಬೇಕಾಯಿತು. ಗಂಡಸರೆಲ್ಲ ನೆಲ ನೋಡಿದರು. ಎರ್ರೆಮ್ಮ ಮುಂದೆ ಬಂದು, "ನಂದು ತಗೊಳ್ರಿ," ಎಂದಳು.

ವಾರದ ಮೇಲೆ ಫಲಿತಾಂಶ ಬಂತು. ಮಾತ್ರೆ ತಿಂದು ಗುಣವಾದ ಎರ್ರೆಮ್ಮನ ರಕ್ತ ಶುಭ್ರವಾಗಿತ್ತು. ಆದ್ದರಿಂದ ಹುಲುಗಪ್ಪನಿಗೆ ಜ್ವರ ಇರಲಿಲ್ಲ. ಸುದ್ದಿ ಕೇಳಿ ಊರು ಸಮಾಧಾನಪಟ್ಟಿತು. ಬೊಮ್ಮಯ್ಯ ತೆಂಗಿನಕಾಯಿ ಒಡೆಸಿದ.

ಮರುದಿನ ಬೆಳಿಗ್ಗೆ ಕಲ್ಲಿನ ಗುತ್ತಿಗೆದಾರ ಬಾಗಿಲಿಗೆ ಬಂದ. "ಆರಾಮ ಅದೀಯಂತಲ್ಲೋ. ಮತ್ತ ಕೆಲಸಕ್ಕ ಬಾ."

ಹುಲುಗಪ್ಪ ಹೆಂಡತಿಯ ಮುಖ ನೋಡಿದ. ಎರ್ರೆಮ್ಮ ಅವನ ಮೈಮೇಲಿನ ಕಂಬಳಿ ಎಳೆದು ಮಡಿಚುತ್ತ, "ಹೋಗು. ನನ್ನ ರಕ್ತ ಯಾಕ ಸುಳ್ಳು ಹೇಳ್ತೈತಿ?" ಎಂದಳು. ಅವನು ಸುತ್ತಿಗೆ ಹೆಗಲಿಗೇರಿಸಿ, ಗೋಡೆ ಹಿಡಿದು ಹಿಡಿದು, ಗಡಗಡ ನಡುಗುತ್ತ ಬೀದಿಗಿಳಿದ. ಜನ ಕಟ್ಟೆಯಿಂದೆದ್ದು ದಾರಿ ಬಿಟ್ಟರು. ಜ್ವರವೇ ಇಲ್ಲದ ಮನುಷ್ಯ ಇಷ್ಟು ಚೆನ್ನಾಗಿ ನಡುಗುವುದನ್ನು ಅವರಾರೂ ಹಿಂದೆ ಕಂಡಿರಲಿಲ್ಲ.