ಇಂಜಿನ್ ನಿಂತ ಮೇಲೆ ಕೋಮೆಟ್

ಎನ್ನೊನ ಹೆಡ್‌ಫೋನ್ ಕೆಟ್ಟದ್ದು ಭಾನುವಾರ. ಬೇರೆ ಯಾವ ದಿನ ಕೆಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಜರ್ಮನಿಯ ಸ್ವಿಶೆನಾನ್ ಎಂಬ ಈ ಊರಿನಲ್ಲಿ ಭಾನುವಾರ ಮಧ್ಯಾಹ್ನ ಜನ ಸೀನಬೇಕಾದರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಎರಡನೇ ಮಹಡಿಯ ಅವನ ಮನೆಯ ಸ್ಪೀಕರಿನಿಂದ ರಾಕೆಟ್ ವಿಮಾನವೊಂದು ಬೊಬ್ಬಿರಿಯುತ್ತಾ ಮೇಲೆದ್ದಿತು.

ಕೋಮೆಟ್ ಎಂಬ ಆ ಯುದ್ಧವಿಮಾನ ಎಂಬತ್ತು ವರ್ಷದ ಹಿಂದೆ ಇದೇ ಊರಿನ ಬಯಲಿನಲ್ಲಿ ಹಾರಿದ್ದು. ನೋಡಲು ಬಾಲ ಮೊಟಕಾದ ದಪ್ಪ ಗುಬ್ಬಿ. ನೆಲ ಬಿಟ್ಟೊಡನೆ ಚಕ್ರಗಳನ್ನು ಉದುರಿಸಿ, ಏಳೂವರೆ ನಿಮಿಷದಲ್ಲಿ ಇಂಧನವೆಲ್ಲ ಕುಡಿದು ಮುಗಿಸಿ, ಆಮೇಲೆ ಸುಮ್ಮನೆ ತೇಲುತ್ತಾ ಬಂದು ಹೊಟ್ಟೆಯ ಮೇಲೆ ಇಳಿಯಬೇಕು. ಇಳಿಯಲು ಒಂದೇ ಅವಕಾಶ. ನಗರಸಭೆಯ ಗುಮಾಸ್ತ ಎನ್ನೊ ನಾಲ್ಕು ವರ್ಷ ಕೂತು ಅದನ್ನು ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ ಕಟ್ಟಿದ್ದ. ಇವತ್ತು ಸಿಮ್ಯುಲೇಟರ್ ಸಂಘದ ಪರೀಕ್ಷಕ ಬ್ರ್ಯೂನಿಂಗ್ ಬಂದು ‘ನಿಜದಂತಿದೆ’ ಎಂದು ಮೊಹರು ಒತ್ತಿದರೆ ಅದು ಊರಿನ ಮ್ಯೂಸಿಯಂ ಸೇರುತ್ತಿತ್ತು, ಕೆಳಗೆ ಎನ್ನೊನ ಹೆಸರಿನೊಂದಿಗೆ. ಇದುವರೆಗೆ ಅವನ ಹೆಸರು ಅಚ್ಚಾದದ್ದು ಕಾಲಿಂಗ್ ಬೆಲ್ಲಿನ ಪಕ್ಕದಲ್ಲಿ ಮಾತ್ರ. ಪರೀಕ್ಷೆಗೆ ಸದ್ದೂ ಸೇರಿತ್ತು, ಹಾಗಾಗಿ ತಗ್ಗಿಸುವಂತಿರಲಿಲ್ಲ.

ಮೊದಲು ಬಾಗಿಲು ತಟ್ಟಿದವನು ಮೇಲ್ಮನೆಯ ಗೆರಿಟ್. ಕೈಯಲ್ಲಿ ಕಟ್ಟಡದ ನಿಯಮಗಳ ಹಾಳೆ.

“ಏನ್ರೀ, ಒಳಗೆ ಯುದ್ಧ ನಡೀತಿದ್ಯಾ?”

“ಇನ್ನು ನಾಲ್ಕೇ ನಿಮಿಷ ಕಣ್ರೀ. ಇಂಧನ ಖಾಲಿಯಾದ್ರೆ ತೆಪ್ಪಗಾಗುತ್ತೆ.”

“ರಾಕೆಟ್ಟಿಗೆ ನಾಲ್ಕು ನಿಮಿಷ ರಿಯಾಯ್ತಿ ಅಂತ ಇಲ್ಲಿ ಬರ್ದಿಲ್ಲ.” ಗೆರಿಟ್ ಹಾಳೆಯ ಹಿಂಬದಿಯನ್ನೂ ನೋಡಿದ. “ಸರಿ, ಸ್ವಲ್ಪ ಸರೀರಿ,” ಎಂದು ತಾನೇ ಹಾರಿಸಲು ಕುರ್ಚಿಯಲ್ಲಿ ಕೂತೇಬಿಟ್ಟ. ಮೊದಲ ಸಲ ವಿಮಾನ ಸರೋವರಕ್ಕೆ ಬಿತ್ತು. ಎರಡನೇ ಸಲ ಚರ್ಚಿನ ಗೋಪುರಕ್ಕೆ.

ಅಷ್ಟರಲ್ಲಿ ಕೆಳಮನೆಯ ಎಂಬತ್ತೊಂದರ ಹಿಲ್ಕೆ ಅಜ್ಜಿ, ಹೆಣಿಗೆಯ ಚೀಲ ಸಮೇತ ಬಂದರು. “ನನ್ನ ಕಾಫಿ ಕಪ್ಪು ಮೇಜಿನ ಮೇಲೆ ತಾನಾಗೇ ನಡೀತಿದೆ ಕಣಪ್ಪಾ. ಇದು ನಿಲ್ಲೋವರ್ಗೂ ನಾನು ಇಲ್ಲೇ ಕೂತಿರ್ತೀನಿ.” ಅವರ ಬೆನ್ನಿಗೇ ಬ್ರ್ಯೂನಿಂಗ್.

ಬ್ರ್ಯೂನಿಂಗ್ ಟೈ ಸಡಿಲಿಸಿ ಹಾರಿಸಿದರು. ಬಿದ್ದರು. ಮತ್ತೆ ಹಾರಿಸಿದರು, ಗೆರಿಟ್ ಬಿದ್ದ ಸರೋವರಕ್ಕೇ ಬಿದ್ದರು. ಮೂರನೆಯ ಸಲವೂ ಬಿದ್ದ ಮೇಲೆ ಬೆವರು ಒರೆಸಿಕೊಂಡು, “ನನ್ನಂಥವನನ್ನೇ ಕೆಡವುತ್ತೆ ಅಂದ್ರೆ ನಿಜದ ಕೋಮೆಟ್ಟೇ,” ಎಂದು ಮೊಹರು ತೆಗೆದರು.

“ನಾನೂ ಒಂದ್ಸಲ ನೋಡ್ಲಾ?” ಅಂದರು ಅಜ್ಜಿ.

ಇನ್ನೊಬ್ಬರು ಬಿದ್ದರೆ ತನಗೆ ಇನ್ನಷ್ಟು ಕೀರ್ತಿ ಎಂದುಕೊಂಡ ಎನ್ನೊ, “ಧಾರಾಳವಾಗಿ ಅಜ್ಜಿ,” ಅಂದ.

ಅಜ್ಜಿ ಕೂತು ಹಾರಿಸಿದರು. ಇಂಧನ ಮುಗಿದು ಇಂಜಿನ್ ನಿಂತಿತು. ಅಜ್ಜಿ ಒಂದು ಸುತ್ತು ತಿರುಗಿಸಿ, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಂತೆ ಕೋಮೆಟ್ಟನ್ನು ಹುಲ್ಲಿನ ಮೇಲೆ ಇಳಿಸಿದರು.

ಬ್ರ್ಯೂನಿಂಗರ ಮುಖ ಕಪ್ಪಿಟ್ಟಿತು. “ಸ್ವೆಟರ್ ಹೆಣೆಯೋ ಅಜ್ಜಿ ಮೊದಲ ಸಲಕ್ಕೇ ಇಳಿಸಿದ್ರೆ ಇದು ವಿಮಾನ ಅಲ್ಲ, ಜಾರುಬಂಡೆ.” ‘ತಿರಸ್ಕೃತ’ ಎಂದು ವರದಿಯ ಎರಡು ಪ್ರತಿಗಳಿಗೂ ಇನ್ನೊಂದು ಮೊಹರು ಒತ್ತಿ ಹೊರಟೇಬಿಟ್ಟರು.

“ಯಾಕಪ್ಪಾ ಮುಖ ಬಾಡಿಸ್ಕೊಂಡೆ? ನಲವತ್ತು ವರ್ಷ ಗ್ಲೈಡರ್ ಹಾರಿಸೋದು ಕಲಿಸ್ದೋಳು ನಾನು. ಇಂಜಿನ್ ಇಲ್ದೇ ಇಳಿಸೋದೇ ನನ್ನ ಕಸುಬು.”

“ಮೊದ್ಲೇ ಹೇಳಬಾರದಿತ್ತಾ ಅಜ್ಜಿ?”

“ಯಾರು ಕೇಳಿದ್ರು?”

ಎನ್ನೊ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿ, ಕಾರು ಹತ್ತುತ್ತಿದ್ದ ಬ್ರ್ಯೂನಿಂಗರನ್ನು ಹಿಡಿದು ತಂದ. ವಿಷಯ ಕೇಳಿ ಬ್ರ್ಯೂನಿಂಗ್ ಮೆತ್ತಗಾದರು. “ಹಾಗಾದ್ರೆ ನನ್ನ ತೀರ್ಪು ರದ್ದು. ಇಷ್ಟು ತಿಳಿದೋರು ಇರುವಾಗ ನಾನ್ಯಾಕೆ? ಕೋಮೆಟ್ಟಿಗೆ ಪರೀಕ್ಷಕರು ನೀವೇ,” ಎಂದು ಎರಡೂ ಮೊಹರುಗಳನ್ನು ಅಜ್ಜಿಯ ಕೈಗಿತ್ತರು.

ಎನ್ನೊಗೆ ಅಜ್ಜಿಯನ್ನು ಎತ್ತಿ ಕುಣಿಸಬೇಕೆನಿಸಿತು. “ಒತ್ತಿ ಅಜ್ಜಿ, ಇಲ್ಲಿ.”

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. “ಒತ್ತಬೇಕು ಕಂದಾ. ಆದ್ರೆ ಇಳಿಸುವಾಗ ನಾನು ಬೇಕಂತ್ಲೇ ಎರಡು ತಪ್ಪು ಮಾಡ್ದೆ. ನಿಜದ ಕೋಮೆಟ್ ಆಗಿದ್ರೆ ನನ್ನನ್ನ ಹೂತುಹಾಕಿರ್ತಿತ್ತು. ನಿಂದು ಕ್ಷಮಿಸಿಬಿಡ್ತು.”

ಅವರು ಒತ್ತಿದ ‘ತಿರಸ್ಕೃತ’ ಬ್ರ್ಯೂನಿಂಗ್ ಒತ್ತಿದ್ದಕ್ಕಿಂತ ಅಚ್ಚುಕಟ್ಟಾಗಿ ಮೂಡಿತ್ತು.