ತಲೆ ಎಂದರೆ ಕನ್ನಡಕ

ಎಲ್ಲ ಅನರ್ಥಕ್ಕೂ ಕಾರಣ ಒಂದು ಹಳದಿ ತಟ್ಟೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು, ಯಜಮಾನರಿಗೆ ಖುಷಿಯಾಗಲಿ ಎಂದು, ಭಾನುವಾರದ ಡಿಸ್ಕ್ ಗಾಲ್ಫ್ ಆಟಕ್ಕೆ ಅವರ ತಟ್ಟೆಯ ಬಣ್ಣದ್ದೇ ತಟ್ಟೆ ಕೊಂಡು ತಂದ. ಯಜಮಾನರಿಗೆ ಖುಷಿಯಾಗಲಿಲ್ಲ.

"ನಂದ್ಯಾವುದು, ನಿಂದ್ಯಾವುದು ಅಂತ ಹೇಗಯ್ಯಾ ಗೊತ್ತಾಗೋದು?" ಎಂದು ಗೊಣಗಿ, ತಮ್ಮ ತಟ್ಟೆಯ ಅಡಿಗೆ ಶಾಯಿಯಲ್ಲಿ ಒಂದು ಕನ್ನಡಕದ ಚಿತ್ರ ಬರೆದುಕೊಂಡರು.

ಡಿಸ್ಕ್ ಗಾಲ್ಫ್ ದೊಡ್ಡ ವಿದ್ಯೆಯೇನಲ್ಲ. ದೂರದ ಕಂಬದಲ್ಲಿ ಸರಪಳಿ ಇಳಿಬಿಟ್ಟ ಬುಟ್ಟಿ ಇರುತ್ತದೆ. ಪ್ಲಾಸ್ಟಿಕ್ ತಟ್ಟೆ ಎಸೆದು ಅದರೊಳಗೆ ಬೀಳಿಸಬೇಕು. ತಟ್ಟೆ ಎಲ್ಲಿ ಬಿತ್ತೋ ಅಲ್ಲಿಂದಲೇ ಮತ್ತೆ ಎಸೆಯಬೇಕು. ಕಡಿಮೆ ಎಸೆತದವರು ಗೆದ್ದ ಹಾಗೆ. ಆದರೆ ಅಂಗಡಿಯವರು ಆಡುತ್ತಿದ್ದ ಜಾಗವನ್ನು ಮೈದಾನ ಅನ್ನುತ್ತಿದ್ದದ್ದು ಬರೀ ಪ್ರೀತಿಗೆ. ಹುಲ್ಲು ಎದೆಮಟ್ಟ, ಮುಳ್ಳುಪೊದೆ ತಲೆಮಟ್ಟ. ಒಳಗೆ ಹೋದ ತಟ್ಟೆ, ಪಕ್ಕದ ಮನೆಯವರು ಕೇಳಿ ಒಯ್ದ ಕೊಡೆಯ ಹಾಗೆ, ಬಂದರೆ ಬಂತು.

ಅದಕ್ಕೇ ಒಂದು ಷರತ್ತು: ಕೊನೆಯವರಾಗಿ ಉಳಿದವರು ಮುಂದಿನ ಭಾನುವಾರ ಕತ್ತಿ ಹಿಡಿದು ಪೊದೆ ಸವರಬೇಕು. ಈ ಭಾಗ್ಯ ಯಾವಾಗಲೂ ಗಾಜು ಉಜ್ಜುವವನದೇ. ಅವನು ಒಂದು ಪೊದೆ ಸವರುವಷ್ಟರಲ್ಲಿ ಅದರ ಅಣ್ಣತಮ್ಮಂದಿರು ಬೆಳೆದು ನಿಂತಿರುತ್ತಿದ್ದರು. ಆವತ್ತು ಹೊರಡುವಾಗ ಹೆಂಡತಿ ಬಾಗಿಲಿಗೇ ಅಡ್ಡ ನಿಂತಳು.

"ಮುಂದಿನ ಭಾನುವಾರ ನನ್ನ ತಂಗಿ ಮಗು ನೋಡೋಕೆ ಹೋಗ್ತಿದೀವಿ. ಈ ಸಲಾನೂ ಕತ್ತಿ ಹಿಡ್ಕೊಂಡು ಮನೆಗೆ ಬಂದ್ರೆ, ಊಟಾನೂ ಆ ಪೊದೇಲೇ ಮಾಡಿ."

ಇನ್ನೊಂದು ನಿಯಮವಿತ್ತು. ಎಸೆಯುವ ಮುಂಚೆ "ತಲೆ!" ಎಂದು ಕೂಗಬೇಕು, ಕೂಗಿದ ಕೂಡಲೇ ಉಳಿದವರೆಲ್ಲ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳಬೇಕು. ಬೇರೆಯವರಾದರೆ ತಲೆಯನ್ನೇ ಮುಚ್ಚಿಕೊಳ್ಳುತ್ತಿದ್ದರು. ಇವರು ಅಂಗಡಿಯವರು, ಕನ್ನಡಕ ಉಳಿದರೆ ಸಾಕು. ಗಾಜು ಉಜ್ಜುವವನಿಗಂತೂ ಇದು ರಕ್ತಗತವಾಗಿ, ಮನೆಯಲ್ಲಿ ಹೆಂಡತಿ "ತಲೆನೋವು" ಅಂದರೂ ಕೈ ಕನ್ನಡಕಕ್ಕೆ ಹೋಗುತ್ತಿತ್ತು.

ಕೊನೆಯ ಬುಟ್ಟಿಗೆ ಬರುವಷ್ಟರಲ್ಲಿ ಫ್ರೇಮು ಕೂರಿಸುವ ಫ್ರೇಮಣ್ಣನೂ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅಕ್ಕನೂ ಪಾರಾಗಿದ್ದರು. ಕೊನೆಯ ಜಾಗಕ್ಕೆ ಇಬ್ಬರು ಸರಿಸಮ: ಅವನು ಮತ್ತು ಯಜಮಾನರು. ಅವನಿಗೆ ಇದ್ದಕ್ಕಿದ್ದಂತೆ ಬುದ್ಧಿ ಓಡಿತು.

"ಯಜಮಾನ್ರೇ, ಎರಡೂ ಹಳದಿ. ಅಪ್ಪಿತಪ್ಪಿ ನನ್ನ ತಟ್ಟೆ ನೀವು ಎಸೆದುಬಿಟ್ರೆ? ಈಗ್ಲೇ ಮಾತಾಗ್ಲಿ. ಎಸೆದೋರು ಯಾರೇ ಆಗ್ಲಿ, ತಟ್ಟೆ ಯಾರದೋ ಎಸೆತ ಅವರದು."

"ಆಯ್ತಯ್ಯ, ನಿನ್ನ ಮಾತೇ ನಡೀಲಿ."

ಇಬ್ಬರೂ ಎಸೆದರು. ಎರಡು ತಟ್ಟೆಗಳೂ ಜೋಡಿ ಗಿಳಿಗಳ ಹಾಗೆ ಹಾರಿ ಒಂದೇ ಪೊದೆಗೆ ನುಗ್ಗಿದವು.

ಯಜಮಾನರ ಮೊಣಕಾಲು ಬಗ್ಗುವುದಿಲ್ಲ. ಅವನೇ ಅಂಬೆಗಾಲಿಟ್ಟು ಒಳಗೆ ಹೋದ. ಹೊರಗಿನಿಂದ ಸಲಹೆಗಳ ಸುರಿಮಳೆ.

"ಎಡಕ್ಕೆ ಹೋಗೋ!" ಎಂದಳು ಅಕ್ಕ.

"ಬಲಕ್ಕೆ ಕಣೋ! ಹಾವು ಗೀವು ಇದ್ರೆ ಕೂಗು, ನಾವು ಓಡ್ತೀವಿ," ಎಂದ ಫ್ರೇಮಣ್ಣ.

ಒಂದು ಮುಳ್ಳು ಅಂಗಿಯ ತೋಳನ್ನು ಹರಿದುಹಾಕಿತು. ಇನ್ನೊಂದು ಕೊಂಬೆ ಅವನ ಕನ್ನಡಕವನ್ನೇ ಕಿತ್ತು ಎಲ್ಲಿಗೋ ಚಿಮ್ಮಿಸಿತು. ಕನ್ನಡಕವನ್ನು ಹುಡುಕಲು ಕನ್ನಡಕ ಬೇಕಲ್ಲ! ತಡಕಾಡುತ್ತಿದ್ದ ಕೈಗೆ ಉರುಟಾದ ಏನೋ ಸಿಕ್ಕಿತು. ಕಣ್ಣಿನ ಹತ್ತಿರ ಹಿಡಿದ. ಹಳದಿ!

"ಸಿಕ್ತು! ತಲೆ!"

ಹೊರಗೆ ಮೂವರೂ ಮುಖ ಮುಚ್ಚಿಕೊಂಡರು. ಅವನಿಗಂತೂ ಬುಟ್ಟಿ ಇದ್ದ ಕಡೆ ಬರೀ ಮಂಜು ಕಂಡಿತು. ಆ ಮಂಜಿಗೇ ಬೀಸಿ ಎಸೆದ.

ಝಣ್!

"ಬಿತ್ತು! ಬುಟ್ಟಿಗೆ ಬಿತ್ತು!" ಅವನು ಪೊದೆಯಿಂದ ಹಾರಿ ಹೊರಬಿದ್ದು ಕುಣಿದ. "ನೋಡಿದ್ರಾ?"

"ಇಲ್ವಲ್ಲೋ, ಮುಖ ಮುಚ್ಚಿಕೊಂಡಿದ್ವಿ," ಎಂದಳು ಅಕ್ಕ.

"ನಾನೇ ಕಣಕ್ಕಾ ಎಸೆದದ್ದು! ದೇವರಾಣೆ ನಾನೇ! ಈ ಕೈಯಿಂದ್ಲೇ!"

ಯಜಮಾನರು ಕುಂಟುತ್ತ ಬುಟ್ಟಿಯ ಹತ್ತಿರ ಹೋದರು. ತಟ್ಟೆ ಎತ್ತಿ ತಿರುಗಿಸಿದರು. ಅಡಿಯಿಂದ ಶಾಯಿಯ ಕನ್ನಡಕವೊಂದು ಅವರನ್ನೇ ನೋಡುತ್ತಿತ್ತು.

"ಏನೋ ಮಾತಾಗಿತ್ತಲ್ಲಯ್ಯಾ? ತಟ್ಟೆ ಯಾರದೋ..."

"...ಎಸೆತ ಅವರದು," ಎಂದು ಅಕ್ಕ, ಫ್ರೇಮಣ್ಣ ಒಟ್ಟಿಗೇ ಮುಗಿಸಿದರು.

ಅವನ ಸ್ವಂತ ತಟ್ಟೆ ಸಿಗಲೇ ಇಲ್ಲ. ಕನ್ನಡಕವೂ ಇಲ್ಲ. "ಹೋಗ್ಲಿ ಬಿಡೋ," ಎಂದು ಅಕ್ಕ ಸಮಾಧಾನ ಮಾಡಿದಳು, "ಮುಂದಿನ ಭಾನುವಾರ ಸವರ್ತಾ ಸವರ್ತಾ ಎರಡೂ ಸಿಗುತ್ತೆ." ಯಜಮಾನರು ಕತ್ತಿಯನ್ನು ಅವನ ಕೈಗಿಟ್ಟು ಬೆನ್ನು ತಟ್ಟಿದರು. "ಏನು ಎಸೆತ ಅಂತೀಯ! ನನಗೇ ಗೊತ್ತಿರಲಿಲ್ಲ, ನಾನು ಇಷ್ಟು ಚೆನ್ನಾಗಿ ಆಡ್ತೀನಿ ಅಂತ."

ಮನೆಯ ಹೊಸ್ತಿಲಲ್ಲಿ ಅವನು ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತ. ಹಿಡಿ ಭುಜದ ಮೇಲೆ ಇಣುಕುತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

"ಕೇಳು ಮಾರಾಯ್ತಿ, ಇವತ್ತು ಪೊದೆ ಒಳಗಿಂದ, ಕಣ್ಣು ಕಾಣದೇ ಇದ್ರೂ, ಒಂದೇ ಸಲಕ್ಕೆ ಬುಟ್ಟಿಗೆ ಹಾಕಿದೆ!"

"ಯಾರು ನೋಡಿದ್ರು?"

ಅವನು ಕತ್ತಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ. ಅವಳ ಕೈಯಲ್ಲಿ ಅವನಿಗೆಂದು ತೊಳೆದಿಟ್ಟ ಊಟದ ತಟ್ಟೆಯಿತ್ತು.

"ತಲೆ!" ಎಂದಳು.

ಅವನು ತಟ್ಟನೆ ಕತ್ತಿ ಕೈಬಿಟ್ಟು ಎರಡೂ ಕೈಯಿಂದ, ಇಲ್ಲದ ಕನ್ನಡಕವನ್ನು ಭದ್ರವಾಗಿ ಮುಚ್ಚಿಕೊಂಡ. ತಟ್ಟೆ ಅವನ ಕಿವಿಗೆ ಗಾಳಿ ಬೀಸಿ, ಬಾಗಿಲು ದಾಟಿ, ಜಗಲಿಯ ಮೂಲೆಯಲ್ಲಿದ್ದ ಒಗೆಯುವ ಬಟ್ಟೆಯ ಬುಟ್ಟಿಗೆ ಸೀದಾ ಹೋಗಿ ಬಿತ್ತು.

ಒಂದೇ ಎಸೆತ. ಅದನ್ನೂ ಅವನು ನೋಡಲಿಲ್ಲ.